ಐವತ್ತೆಂಟು ಮರ

ಹಂದನಕೆರೆ
೧೬ ಜೂನ್ ೨೦೨೪

ಪವಿ,

ರೈಲಿನ ಕಿಟಕಿಯಿಂದ ನೀನು ಅಂದದ್ದು "ಒಂದನ್ನೇ ಎಷ್ಟು ದಿನ ಮಾಡೋದು" ಅಂತಲೋ, "ಎಷ್ಟು ದಿನ ಆದ್ಮೇಲೆ ಬೇರೇದು ಹೇಳಿಕೊಡ್ತಾರೆ" ಅಂತಲೋ. ಸರಿಯಾಗಿ ನೆನಪಾಗುತ್ತಿಲ್ಲ. ತಿಪಟೂರು ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದೇ ಎರಡು ನಿಮಿಷ. ಟ್ರಂಕು ಒಳಗೆ ತಳ್ಳಿ, ನಿಮ್ಮಮ್ಮನ ಕೈಗೆ ನೀರಿನ ಬಾಟ್ಲಿ ಕೊಟ್ಟು ತಿರುಗುವಷ್ಟರಲ್ಲಿ ನೀನು ಕಿಟಕಿಯ ಸರಳಿಗೆ ಬಾಯಿ ಹಚ್ಚಿ ಏನೋ ಕೇಳಿದೆ. ನಾನು ತಲೆಯಾಡಿಸಿದೆ. ಏನು ಕೇಳಿದೆ ಎಂದು ತಿಳಿಯದೆ ಆಡಿಸಿದ್ದು ಎನ್ನುವುದು ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು. ನಿಮ್ಮಮ್ಮ ನಿನ್ನನ್ನು ಹುಬ್ಬಳ್ಳಿಯಲ್ಲಿ ಬಿಟ್ಟು ವಾಪಸು ಬಂದು ವಾರವಾಯಿತು. ನಾನು ಇನ್ನೂ ಆ ಕಿಟಕಿಗೆ ಉತ್ತರ ಹುಡುಕುತ್ತಿದ್ದೇನೆ.

ಹಾಸ್ಟೆಲಿನಲ್ಲಿ ಮಕ್ಕಳ ಕೈಗೆ ಫೋನು ಕೊಡುವುದಿಲ್ಲವಂತೆ. ಭಾನುವಾರದ ಐದು ನಿಮಿಷ ಅಮ್ಮನಿಗೇ ಸಾಲುವುದಿಲ್ಲ. ಹಾಗಾಗಿ ನಾನು ಬರೆಯುತ್ತೇನೆ. ಊರಿನ ಲೈಬ್ರರಿ ಕಾಯುವವನಿಗೆ ಮಧ್ಯಾಹ್ನ ಬೇರೆ ಕೆಲಸವೂ ಇರುವುದಿಲ್ಲ.

ಜಿಮ್ನಾಸ್ಟಿಕ್ಸ್ ಬೇಸಿಗೆ ಶಿಬಿರದಿಂದ ಬಂದಾಗ ನೀನು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಗೋಡೆಗೆ ಕಾಲು ಎತ್ತು, ಕೈ ಮೇಲೆ ನಿಲ್ಲು, ಇಳಿ, ಮತ್ತೆ ಎತ್ತು. ಸ್ಪರ್ಧೆಗೆ ಹೋಗುವವರು ಮೊದಲ ಆರು ತಿಂಗಳು ಇದನ್ನೇ ಮಾಡಬೇಕು ಎಂದಿದ್ದರಂತೆ. ಐವತ್ತರವರೆಗೆ ಎಣಿಸುವಷ್ಟರಲ್ಲಿ ಎಣಿಕೆಯೇ ಬೇಸರವಾಗುತ್ತದೆ ಎಂದಿದ್ದೆ. ನನಗೊಂದು ಉಪಾಯ ತೋರಿತು. ಅಂಕಿ ಎಣಿಸಬೇಡ. ನಮ್ಮ ತೋಟದಲ್ಲಿ ಐವತ್ತೆಂಟು ತೆಂಗಿನ ಮರ ಇವೆ. ಒಂದು ಸಲ ಕೈ ಮೇಲೆ ನಿಂತರೆ ಒಂದು ಮರ. ಗೇಟಿನ ಪಕ್ಕದ ಕುಳ್ಳಿ ಮರದಿಂದ ಶುರು ಮಾಡು. ಆಮೇಲೆ ಜೋಡಿ ಮರ, ಸಿಡಿಲು ಬಡಿದ ಮರ, ಬಾವಿ ಮರ. ಕೊನೆಗೆ ನೀನು ಹುಟ್ಟಿದ ತಿಂಗಳು ನಾನು ನೆಟ್ಟ ನಿನ್ನ ಮರ. ಮನೆಯಲ್ಲಿ ಸಂಜೆ ಸುತ್ತುತ್ತಿದ್ದೆಯಲ್ಲ, ಅದೇ ದಾರಿ. ನಡೆಯುವುದು ಕೈಯಲ್ಲಿ, ಅಷ್ಟೇ ವ್ಯತ್ಯಾಸ.

ಎಷ್ಟು ಮರದವರೆಗೆ ಬಂದೆ ಎಂದು ಬರೆ.

ನಿನ್ನ ಅಪ್ಪ,
ರವೀಂದ್ರ

---

ಹುಬ್ಬಳ್ಳಿ
೩೦ ಜೂನ್ ೨೦೨೪

ಅಪ್ಪ,

ನಿನ್ನ ಕಾಗದ ಊಟ ಮಾಡುವಾಗ ಓದಿದೆ. ಸಾರು ಬಿತ್ತು. ಒಂದು ಕಡೆ ಅಕ್ಷರ ಹೋಗಿದೆ, ಅಲ್ಲಿ ಬೈದಿದ್ದರೆ ನನಗೆ ಗೊತ್ತಿಲ್ಲ.

ಇಲ್ಲಿ ಶಾಂತಕುಮಾರಿ ಮೇಡಂ ಹೇಳಿಕೊಡುತ್ತಾರೆ. ಅವರಿಗೆ ಬರುವುದು ಒಂದೇ ಮಾತು, "ಮತ್ತೊಮ್ಮೆ". ಬಿದ್ದರೂ ಮತ್ತೊಮ್ಮೆ, ಚೆನ್ನಾಗಿ ಮಾಡಿದರೂ ಮತ್ತೊಮ್ಮೆ. ಮೊನ್ನೆ ಶಿಲ್ಪ ಸೀನಿದಳು. ನಾನು "ಮತ್ತೊಮ್ಮೆ" ಅಂದೆ. ಎಲ್ಲರೂ ನಕ್ಕರು. ನಮ್ಮಿಬ್ಬರಿಗೂ ಇಪ್ಪತ್ತು ಜಾಸ್ತಿ ಮಾಡಿಸಿದರು. ಶಿಲ್ಪ ಎಂದರೆ ನನ್ನ ಪಕ್ಕದ ಮಂಚದವಳು. "ನಿನ್ನಿಂದ ಕಣೇ, ಇನ್ಮೇಲೆ ಸೀನೂ ತಡ್ಕೋಬೇಕು" ಅಂದಳು.

ಬೀಮ್ ಅಂತ ಸಣ್ಣ ಅಗಲದ ತೊಲೆ ಇದೆ, ಅದರ ಮೇಲೆ ಇನ್ನೂ ಹತ್ತಿಸಿಲ್ಲ. ನೆಲದ ಮೇಲೆ ಬಿಳಿ ಟೇಪು ಅಂಟಿಸಿದ್ದಾರೆ. ಅದರ ಮೇಲೆ ನಡೆಯುವುದು, ತಿರುಗುವುದು, ಮತ್ತೆ ಗೋಡೆಗೆ ಹೋಗುವುದು. ಮೂರು ವಾರದಿಂದ ಇಷ್ಟೇ. ನಿಜ ಹೇಳುತ್ತೇನೆ, ಬೈಬೇಡ. ಸೋಮವಾರ ಟ್ರಂಕಿಗೆ ಬಟ್ಟೆ ತುಂಬಿಟ್ಟಿದ್ದೆ. ಭಾನುವಾರ ಫೋನಿನಲ್ಲಿ ಅಮ್ಮನಿಗೆ ಹೇಳಿ ಬಂದುಬಿಡೋಣ ಎಂದುಕೊಂಡಿದ್ದೆ. ಮಂಗಳವಾರ ನಿನ್ನ ಕಾಗದ ಬಂತು. ಬುಧವಾರ ಬಟ್ಟೆ ತೆಗೆದೆ.

ಕಣ್ಣು ಮುಚ್ಚಿಕೊಂಡರೆ ಮರ ತಲೆಕೆಳಗಾಗಿ ಕಾಣುತ್ತದೆ. ಎಳನೀರೆಲ್ಲ ಚೆಲ್ಲಿಬಿಡುತ್ತೇನೋ ಅನ್ನಿಸುತ್ತದೆ. ನಿನ್ನೆ ಸಿಡಿಲು ಮರದವರೆಗೆ ಬಂದೆ, ಇಪ್ಪತ್ತೇಳು. ಅದಕ್ಕೆ ತಲೆಯೇ ಇಲ್ಲವಲ್ಲ, ಸತ್ತ ಮರಕ್ಕೂ ಒಂದು ಸಲ ನಿಲ್ಲಬೇಕಾ ಎಂದು ಶಿಲ್ಪ ಕೇಳುತ್ತಾಳೆ. ಬೇಗ ಹೇಳು, ಒಂದು ಉಳಿಯುತ್ತದೆ.

ನಿನ್ನ,
ಪವಿ

---

ಹಂದನಕೆರೆ
೨೧ ಜುಲೈ ೨೦೨೪

ಪವಿ,

ಸತ್ತ ಮರಕ್ಕೂ ನಿಲ್ಲಬೇಕು. ಅದನ್ನು ಕಡಿಸಿಲ್ಲವಲ್ಲ, ಸಾಲಿನಲ್ಲಿ ಇನ್ನೂ ನಿಂತಿದೆ.

ಟ್ರಂಕಿನ ವಿಷಯ ಅಮ್ಮನಿಗೆ ಹೇಳಿಲ್ಲ. ಹೇಳಿದ್ದರೆ ಅವತ್ತೇ ರೈಲು ಹತ್ತುತ್ತಿದ್ದಳು. ಕೆಲವು ಮಾತು ಕಾಗದದಲ್ಲೇ ಇರಲಿ.

ನೀನು ಹೋದ ವಾರವೇ ಈರಣ್ಣ ಬಂದು ಕಾಯಿ ಕೆಡವಿ, ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿಕೊಟ್ಟ. ನಿನ್ನನ್ನು ಎಲ್ಲಿಗೆ ಕಳಿಸಿದಿರಿ ಎಂದು ಕೇಳಿದ, ಹೇಳಿದೆ. ಅವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಯೋಚನೆ ಮಾಡಿ, "ಮಗೀನ ತಲೆಕೆಳಗ್ ಮಾಡ್ ನಿಲ್ಸಕ್ಕೆ ಹುಬ್ಬಳ್ಳೀಗಂಟ ಕಳ್ಸಿದ್ರಾ ಸ್ವಾಮಿ? ನಮ್ ಆಲದ ಮರದ ಬಾವಲಿ ಜತೇಲಿ ಬುಟ್ಟಿದ್ರೆ ವಾರದಾಗೆ ಕಲ್ತ್ಕಳದು" ಎಂದ. ಅಮ್ಮ ಒಳಗಿನಿಂದ ನಕ್ಕಳು. ನೀನು ಹೋದ ಮೇಲೆ ಅವಳು ನಕ್ಕದ್ದು ಅದು ಮೊದಲು.

ಕಾಯಿ ಇನ್ನು ಹನ್ನೊಂದು ತಿಂಗಳು ಅಟ್ಟದ ಮೇಲೆ ಇರುತ್ತದೆ. ನಾವು ಕೆಳಗೆ ಉಣ್ಣುತ್ತೇವೆ, ಮಲಗುತ್ತೇವೆ. ಅದು ಮೇಲೆ ತನ್ನ ಪಾಡಿಗೆ ನೀರು ಬತ್ತಿಸಿಕೊಳ್ಳುತ್ತಿರುತ್ತದೆ. ಒಳಗೆ ಏನೋ ನಡೆಯುತ್ತಿದೆ ಎಂದು ಹೊರಗಿನಿಂದ ಏನೂ ತಿಳಿಯುವುದಿಲ್ಲ. ಅವಸರಪಟ್ಟು ಒಡೆದರೆ ಕೊಬ್ಬರಿ ಚಿಪ್ಪು ಬಿಡದೆ ಚೂರಾಗುತ್ತದೆ, ಉಂಡೆಯಾಗಿ ಬರುವುದಿಲ್ಲ. ಚಿಕ್ಕವನಿದ್ದಾಗ ನಾನು ಕದ್ದು ಒಡೆದು ಏಟು ತಿಂದಿದ್ದೇನೆ.

ನಿನ್ನ ಗೋಡೆಯನ್ನೂ ಹಾಗೆಯೇ ತಿಳಿ. ಬೇಸರ ಬರುವುದು ತಪ್ಪಲ್ಲ. ಬೇಸರ ಬಂದ ಮೇಲೂ ಇನ್ನೊಂದು ಮರಕ್ಕೆ ಹೋಗುವುದು, ಅಷ್ಟೇ.

ಅಪ್ಪ

---

ಹುಬ್ಬಳ್ಳಿ
೧೫ ಸೆಪ್ಟೆಂಬರ್ ೨೦೨೪

ಅಪ್ಪ,

ನನ್ನ ಮರ ಮುಟ್ಟಿದೆ! ಗುರುವಾರ. ಐವತ್ತೆಂಟೂ ಆಯಿತು. ಗೋಡೆ ಇಲ್ಲದೆ ನಿಂತದ್ದೇ ಹೆಚ್ಚು. ಮೇಡಂ ನೋಡಿ ಮತ್ತೊಮ್ಮೆ ಅನ್ನಲಿಲ್ಲ, "ಹ್ಞಾಂ" ಅಂದರು. ಶಿಲ್ಪ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ.

ಡಿಸೆಂಬರಿನಲ್ಲಿ ಹೊಸಬರ ಸ್ಪರ್ಧೆ ಇದೆ. ನಮ್ಮಲ್ಲಿ ನಾಲ್ಕು ಜನರನ್ನು ಕಳಿಸುತ್ತಾರೆ. ನನ್ನ ಹೆಸರು ನಾಲ್ಕನೆಯದು. ಐದನೆಯವಳು ದಿನಾ ನನ್ನ ಕಡೆಯೇ ನೋಡುತ್ತಿರುತ್ತಾಳೆ.

ಇನ್ನೊಂದು ವಿಷಯ. ಇದನ್ನು ಕಾಗದದಲ್ಲೇ ಇಟ್ಟುಕೋ. ಬಲಗೈ ಮಣಿಕಟ್ಟು ನೋಯುತ್ತದೆ. ಮೊದಲು ಕೈ ಮೇಲೆ ನಿಂತಾಗ ಮಾತ್ರ ನೋಯುತ್ತಿತ್ತು. ಈಗ ಬಕೆಟ್ ಎತ್ತಿದರೂ ನೋಯುತ್ತದೆ. ತಿರುಗಿಸಿದರೆ ಒಳಗೆ ಲೊಟಕ್ ಅಂತ ಸದ್ದು ಬರುತ್ತದೆ. ಶಿಲ್ಪಳಿಗೆ ಕೇಳಿಸಿದೆ, ಅವಳಿಗೆ ಅದೊಂದು ಆಟ ಆಗಿದೆ. ಮೇಡಂಗೆ ಹೇಳಲಾ? ಹೇಳಿದರೆ ಕೂರಿಸುತ್ತಾರೆ. ಕೂರಿಸಿದರೆ ಐದನೆಯವಳು ಹೋಗುತ್ತಾಳೆ. ನೀನು ಹೇಗೆ ಹೇಳಿದರೆ ಹಾಗೆ.

ಪವಿ

---

ಹಂದನಕೆರೆ
೨೪ ಸೆಪ್ಟೆಂಬರ್ ೨೦೨೪

ಪವಿ,

ನಿನ್ನ ಕಾಗದ ಹಿಡಿದುಕೊಂಡು ಸಂಜೆ ತೋಟಕ್ಕೆ ಹೋಗಿದ್ದೆ. ನಿನ್ನ ಮರದಲ್ಲಿ ಹೊಸ ಹೊಂಬಾಳೆ ಬಿಚ್ಚಿದೆ. ಅದಕ್ಕೂ ಸುದ್ದಿ ಮುಟ್ಟಿದೆ ಎಂದು ಕಾಣುತ್ತದೆ.

ಕೈಯ ವಿಷಯ ಎರಡು ದಿನ ಯೋಚಿಸಿದೆ. ಅಮ್ಮನಿಗೆ ಹೇಳಲು ಒಮ್ಮೆ ಬಾಯಿ ತೆರೆದೆ, ಅವಳು "ಏನು" ಎಂದಳು, "ಏನಿಲ್ಲ" ಎಂದೆ. ಅಟ್ಟದ ಕಾಯಿಯನ್ನು ಈರಣ್ಣ ಹೇಗೆ ನೋಡುತ್ತಾನೆ ನೆನಪಿದೆಯಾ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಸದ್ದು ಬಾರದಿದ್ದರೆ ಇನ್ನೂ ಹಸಿ. ಸದ್ದು ಬಂದರೆ ಒಳಗಿನದು ಚಿಪ್ಪು ಬಿಟ್ಟಿತು, ಆಯಿತು ಎಂದು. ನಿನ್ನ ಕೈಯೂ ಬಿಗಿ ಬಿಡುತ್ತಿರಬೇಕು. ಇಷ್ಟು ದಿನ ಮಾಡಿದ್ದಕ್ಕೆ ಅದು ಕೊಡುತ್ತಿರುವ ಉತ್ತರ ಎಂದು ತಿಳಿ. ಎರಡೂವರೆ ತಿಂಗಳು ಉಳಿದಿದೆ. ಈಗ ಕೂತರೆ ಹಸಿಯಲ್ಲೇ ಒಡೆದ ಹಾಗೆ.

ಕೊಬ್ಬರಿ ಎಣ್ಣೆ ಕಳಿಸುತ್ತಿದ್ದೇನೆ. ಬಿಸಿ ಮಾಡಿ ಹಚ್ಚು, ಪಟ್ಟಿ ಬಿಗಿಯಾಗಿ ಕಟ್ಟು. ಸ್ಪರ್ಧೆ ಮುಗಿಯಲಿ, ಆಮೇಲೆ ತಿಪಟೂರಿನಲ್ಲಿ ಡಾಕ್ಟರಿಗೆ ತೋರಿಸೋಣ.

ಅಪ್ಪ

---

ಹುಬ್ಬಳ್ಳಿ
೩ ನವೆಂಬರ್ ೨೦೨೪

ಅಪ್ಪ,

ಎಣ್ಣೆ ಬಂತು. ಚೆನ್ನಾಗಿದ್ದೇನೆ. ದಿನಾ ಎಲ್ಲ ಮರ ಆಗುತ್ತವೆ.

ಅಕ್ಷರ ಸೊಟ್ಟ ಇದ್ದರೆ ನಗಬೇಡ. ಎಡಗೈಯಲ್ಲಿ ಬರೆಯುವುದು ಕಲಿಯುತ್ತಿದ್ದೇನೆ. ಜಿಮ್ನಾಸ್ಟಿಕ್ಸ್‌ನಲ್ಲಿ ಎರಡು ಕೈಯೂ ಸಮ ಇರಬೇಕು.

ಶಿಲ್ಪ ಈಗ ಆ ಆಟ ಆಡುವುದಿಲ್ಲ.

ಪವಿ

---

ಹಂದನಕೆರೆ
೧೨ ನವೆಂಬರ್ ೨೦೨೪

ಪವಿ,

ಎಡಗೈ ಅಕ್ಷರ ನೋಡಿ ಆಶ್ಚರ್ಯವಾಯಿತು. ಲೈಬ್ರರಿಗೆ ಬಂದ ಶಂಭುಲಿಂಗಯ್ಯ ಮೇಷ್ಟ್ರಿಗೂ ತೋರಿಸಿದೆ. ಹನ್ನೊಂದು ವರ್ಷಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬಂತು ಎಂದರು. ನಾನು ಒಳಗೊಳಗೆ ಹಿಗ್ಗಿದ್ದು ನಿಜ.

ಡಿಸೆಂಬರ್ ಹದಿನೈದಕ್ಕೆ ನಾನೂ ಅಮ್ಮನೂ ಅಲ್ಲಿರುತ್ತೇವೆ.

ಅಪ್ಪ

---

ತುರುವೇಕೆರೆ
೨೯ ಡಿಸೆಂಬರ್ ೨೦೨೪

ಇವರಿಗೆ,

ಫೋನಿನಲ್ಲಿ ಮಾತಾಡಿದರೆ ಕೂಗಿಬಿಡುತ್ತೇನೆ, ಪಕ್ಕದಲ್ಲಿ ಮಗು ಇರುತ್ತದೆ. ನಿಮಗೆ ಕಾಗದ ಅಭ್ಯಾಸ ಇದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಡಾಕ್ಟರು ಎರಡು ಸಲ ಎಕ್ಸ್‌ರೇ ತೆಗೆಸಿದರು. ಮಕ್ಕಳ ಮಣಿಕಟ್ಟಿನ ಹತ್ತಿರ ಮೂಳೆ ಬೆಳೆಯುವ ತುದಿ ಇರುತ್ತದಂತೆ. ತಿಂಗಳುಗಟ್ಟಲೆ ಅದರ ಮೇಲೆ ಭಾರ ಬಿದ್ದು ಆ ತುದಿ ಮುಚ್ಚಿಕೊಂಡಿದೆ. ಪಕ್ಕದ ಮೂಳೆ ಬೆಳೆಯುತ್ತಾ ಹೋಗುತ್ತದೆ, ಇದು ಇಲ್ಲಿಗೇ ನಿಂತಿತು. ಕೈ ಸೊಟ್ಟಗಾಗದ ಹಾಗೆ ಮುಂದೆ ಆಪರೇಷನ್ ಮಾಡಬೇಕಾಗಬಹುದು ಎಂದರು. ಇನ್ನು ಕೈ ಮೇಲೆ ನಿಲ್ಲುವುದು, ಪಲ್ಟಿ, ಯಾವುದೂ ಇಲ್ಲ. ನೋವು ಶುರುವಾದಾಗಲೇ ಬಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಒಂದೆರಡು ತಿಂಗಳು ಬಿಡುವು ಕೊಟ್ಟಿದ್ದರೆ ಸಾಕಿತ್ತಂತೆ.

ಅವಳ ಟ್ರಂಕು ಬಿಚ್ಚಿದೆ. ನಿಮ್ಮ ಕಾಗದವೆಲ್ಲ ಕಟ್ಟಿ ಇಟ್ಟುಕೊಂಡಿದ್ದಾಳೆ. ಎಲ್ಲ ಓದಿದೆ.

ಆ ಮೇಡಂ ಫೋನಿನಲ್ಲಿ ಅತ್ತರು. "ನೋವು ಅದ ಏನು ಅಂತ ವಾರಕ್ಕೊಮ್ಮೆ ಕೇಳ್ತಿದ್ದೆರೀ, ಇಲ್ಲ ಅಂತಿದ್ಲು" ಎಂದರು. ಭಾನುವಾರ ನಾನೂ ಕೇಳುತ್ತಿದ್ದೆ. ನನಗೂ ಇಲ್ಲ ಅಂತಿದ್ದಳು. ನಿಮಗೊಬ್ಬರಿಗೇ ಹೌದು ಎಂದದ್ದು.

ಸ್ಪರ್ಧೆಯಲ್ಲಿ ಮೂರನೆಯ ಕಾರ್ಟ್‌ವೀಲ್‌ಗೆ ಕೈಯೂರಿ ಚಕ್ರದ ಹಾಗೆ ತಿರುಗುವಾಗ ಕೈ ಮಡಚಿಕೊಂಡು ಬಿದ್ದಳು. ಎದ್ದು ಉಳಿದದ್ದನ್ನೂ ಮಾಡಿದಳು. ನಾನು ಅವಳ ಮುಖ ನೋಡುತ್ತಿದ್ದೆ. ನೀವು ಚಪ್ಪಾಳೆ ತಟ್ಟುತ್ತಿದ್ದಿರಿ.

ಇಲ್ಲಿ ಅಮ್ಮನ ಮನೆಯಲ್ಲೇ ಇರುತ್ತೇವೆ. ಇಲ್ಲಿನ ಶಾಲೆಗೇ ಸೇರಿಸುತ್ತೇನೆ. ಬರಬೇಡಿ ಅನ್ನುವುದಿಲ್ಲ. ಈಗ ಬೇಡ.

ಅನಿತಾ

---

ತುರುವೇಕೆರೆ
೯ ಫೆಬ್ರವರಿ ೨೦೨೫

ಅಪ್ಪನಿಗೆ,

ಪಟ್ಟಿ ಬಿಚ್ಚಿದ್ದಾರೆ. ಊಟ ಬಲಗೈಯಲ್ಲೇ ಮಾಡುತ್ತೇನೆ. ಬರೆಯುವುದು ಎಡಗೈಯಲ್ಲೇ ರೂಢಿಯಾಗಿದೆ.

ನೀವು ಮೂರು ಸಲ ಬಸ್ ಸ್ಟ್ಯಾಂಡಿನವರೆಗೆ ಬಂದು ಹೋದಿರಿ ಎಂದು ಅಜ್ಜಿ ಹೇಳಿದರು. ಅಮ್ಮನಿಗೆ ಕೋಪ ಇದೆ, ನನಗಿಲ್ಲ. ಕೇಳಿದ್ದು ನಾನೇ. ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದು ಬರೆದಿದ್ದೂ ನಾನೇ.

ಶಿಲ್ಪಳಿಗೆ ಬೀಮ್‌ನಲ್ಲಿ ಮೂರನೇ ಸ್ಥಾನ ಬಂತಂತೆ. ಕಾಗದ ಬರೆದಿದ್ದಳು. ಕೊನೆಯಲ್ಲಿ "ಮತ್ತೊಮ್ಮೆ" ಎಂದು ಬರೆದು ಹೊಡೆದು ಹಾಕಿದ್ದಾಳೆ.

ಶಿವರಾತ್ರಿಗೆ ಹಂದನಕೆರೆಗೆ ಬಾ ಎಂದು ಬರೆದಿದ್ದಿರಿ. ಬರುವುದಿಲ್ಲ. ಮನೆಗೆ ಬರಬಹುದು, ಆದರೆ ಹಿತ್ತಲ ಬಾಗಿಲು ತೆಗೆದರೆ ತೋಟ ಕಾಣುತ್ತದೆ. ಇಲ್ಲಿಯೂ ದಾರಿಯುದ್ದಕ್ಕೂ ತೆಂಗಿನ ಮರವೇ, ಅವು ಏನೂ ಮಾಡುವುದಿಲ್ಲ. ನಮ್ಮ ಮರಗಳು ಒಂದೊಂದೂ ನನಗೆ ಒಂದೊಂದು ನೋವು. ಯಾವುದರ ಹತ್ತಿರ ಎಷ್ಟು ನೋಯುತ್ತಿತ್ತು ಎಂದು ಕೈಗೆ ಈಗಲೂ ಗೊತ್ತು. ನನ್ನ ಮರದ ಹತ್ತಿರ ಬರುವಾಗ ಬಾಯಿಗೆ ಟವೆಲ್ ಕಚ್ಚಿಕೊಳ್ಳುತ್ತಿದ್ದೆ.

ಬೇರೆ ಏನಾದರೂ ಬರೆಯಿರಿ. ತೋಟದ್ದು ಬೇಡ.

ಪವಿತ್ರಾ

---

ಹಂದನಕೆರೆ
೮ ಜೂನ್ ೨೦೨೫

ಪವಿ,

ನಾಲ್ಕು ತಿಂಗಳಾಯಿತು. ನೀನು ಕೇಳಿದ ಹಾಗೆ ಬೇರೆ ಏನಾದರೂ ಬರೆಯೋಣ ಎಂದು ಹಲವು ಸಲ ಕೂತೆ. ಲೈಬ್ರರಿಗೆ ಹೊಸ ಫ್ಯಾನು ಹಾಕಿದ್ದಾರೆ. ಹುಳಿಯಾರಿನ ಬಸ್ಸು ಈಗ ಹತ್ತು ನಿಮಿಷ ಬೇಗ ಬರುತ್ತದೆ. ಅಲ್ಲಿಗೆ ನಿಲ್ಲುತ್ತಿತ್ತು. ತೋಟ ಬಿಟ್ಟು ನನಗೆ ಬೇರೆ ಮಾತು ಬರುವುದಿಲ್ಲ ಎಂದು ಈಗ ತಿಳಿಯಿತು. ಆದ್ದರಿಂದ ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಮೇಜಿನ ಡ್ರಾಯರಿನಲ್ಲಿ, ಸಾರು ಬಿದ್ದ ವಿಷಯ ಬರೆದಿದ್ದೆಯಲ್ಲ, ಆ ಕಾಗದದ ಜೊತೆ ಇಡುತ್ತೇನೆ. ನೀನು ನನಗೆ ನೀವು ಎನ್ನದೆ ಇದ್ದಾಗಿನದು.

ಈರಣ್ಣ ಮೊನ್ನೆ ಬಂದು ಅಟ್ಟದ ಕಾಯಿ ಇಳಿಸಿದ. ನೀನು ಹುಬ್ಬಳ್ಳಿಗೆ ಹೋದ ವಾರ ಹಾಕಿದ್ದವು. ನಾನೂ ಜೊತೆಗೆ ಕೂತೆ. ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಒಳ್ಳೆಯ ಸದ್ದು ಬಂತು. ಆದದ್ದು ಎಂದು ಅವನ ಕಡೆ ಉರುಳಿಸಿದೆ. ಅವನು ಕೈಯಲ್ಲಿ ಒಮ್ಮೆ ತೂಗಿ ಪಕ್ಕಕ್ಕೆ ಎಸೆದ. ಯಾಕೆ ಎಂದೆ. ಸುಲಿದು ಒಡೆದು ತೋರಿಸಿದ. ಒಳಗೆಲ್ಲ ಕಪ್ಪು.

"ಸದ್ ಬಂದೇಟ್ಗೆ ಆಗೋಯ್ತಾ ಸ್ವಾಮಿ? ಕೊಳ್ತಿದ್ದೂ ಸದ್ ಮಾಡ್ತದೆ. ಕೈಗೆ ಗೊತ್ತಾಗ್ಬೇಕು."

ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲವಲ್ಲ ಎಂದೆ.

"ನೀವ್ ಕೇಳ್ಲಿಲ್ಲ ಬುಡಿ" ಎಂದು ಮುಂದಿನ ಕಾಯಿಗೆ ಕೈ ಹಾಕಿದ.

ಅವನು ಹೋದ ಮೇಲೆ ತೋಟಕ್ಕೆ ಹೋದೆ. ಕುಳ್ಳಿಯ ಬುಡದಲ್ಲಿ ಕೂತು ಎರಡು ಅಂಗೈಯನ್ನೂ ನೆಲಕ್ಕೆ ಊರಿ ಮೈಭಾರ ಬಿಟ್ಟು ನೋಡಿದೆ. ಕಾಲು ಎತ್ತಲಿಲ್ಲ, ನಲವತ್ತೊಂಬತ್ತು ವರ್ಷ ನನಗೆ. ಬರೀ ಊರಿದ್ದು. ಹಾಗೆ ಒಂದೊಂದೇ ಮರ. ಹತ್ತನೆಯದಕ್ಕೆ ಮಣಿಕಟ್ಟಿನಲ್ಲಿ ಚುಳುಕು ಹತ್ತಿತು. ಹದಿನಾರಕ್ಕೆ ನಿಲ್ಲಿಸಿ ಅಂಗೈಗೆ ಅಂಟಿದ ಮಣ್ಣು ಕೊಡವಿಕೊಂಡೆ. ನಾನು ನಿಲ್ಲಿಸಬಹುದಿತ್ತು. ನನಗೆ ಯಾರೂ ಕಾಗದ ಬರೆದಿರಲಿಲ್ಲ.

ನಿನ್ನ ಮರದಲ್ಲಿ ಮೂರು ಗೊನೆ ಇದೆ. ಈರಣ್ಣನಿಗೆ ಅದನ್ನು ಹತ್ತಬೇಡ ಎಂದಿದ್ದೇನೆ. ಕಾಯಿ ತಾನಾಗಿ ಬೀಳುತ್ತದೆ, ಬಿದ್ದಲ್ಲೇ ಇರುತ್ತದೆ.

ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಜೂನ್ ಕೊನೆಯಲ್ಲಿ ಸಿಡಿಲು ಮರದವರೆಗೆ ಬಂದಿದ್ದೆ, ಆಗ ನೋವಿನ ಮಾತಿಲ್ಲ. ಸೆಪ್ಟೆಂಬರಿನಲ್ಲಿ ನಿನ್ನ ಮರ ಮುಟ್ಟಿದಾಗ ಸದ್ದೂ ಶುರುವಾಗಿತ್ತು. ಅಂದರೆ ಇಪ್ಪತ್ತೇಳಕ್ಕೂ ಐವತ್ತೆಂಟಕ್ಕೂ ನಡುವೆ ಎಲ್ಲೋ ಅದು ಮೊದಲ ಸಲ ನೋಯಿತು. ಅಲ್ಲೇ ನೀನು ಕೈ ಇಳಿಸಿ ಸುಮ್ಮನೆ ಕೂತಿದ್ದರೆ ಸಾಕಿತ್ತು. ಸಂಜೆ ಆ ಸಾಲುಗಳಲ್ಲಿ ನಡೆಯುತ್ತೇನೆ. ಒಂದೊಂದು ಮರದ ಮುಂದೆಯೂ ನಿಲ್ಲುತ್ತೇನೆ. ಎಲ್ಲವೂ ಒಂದೇ ಥರ ಕಾಣುತ್ತವೆ.

ಅದು ಯಾವ ಮರ, ಪವಿ?